ಆಟ ಬಲ್ಲವಳು ಆಟ ಕಲಿಸಲು ಹೊರಟಾಗ: ಮಗಳಿಗೊಂದು ಪತ್ರ

ಕಲಬುರಗಿ

ಚಿರಂಜೀವಿ ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮವಾಗಿದ್ದೇವೆ. ಫುಟ್‌ಬಾಲ್ ತರಬೇತುದಾರರ ಆರಂಭಿಕ ಹಂತದ ಡಿ ಲೈಸೆನ್ಸ್ ಕೋರ್ಸಿಗೆ ನಿನ್ನ ಹೆಸರನ್ನು ಕಳಿಸುವುದಾಗಿ ಕ್ಲಬ್ಬಿನವರು ಹೇಳಿದ್ದನ್ನು ಬರೆದಿದ್ದೀಯ. ಅದರ ಬೆನ್ನಿಗೇ, ಇನ್ನು ನಿನ್ನ ಆಟ ಮುಗಿಯಿತೆಂದು ಮರ್ಯಾದೆಯಿಂದ ತಿಳಿಸುವ ಉಪಾಯವಿದು ಎಂದೂ ಬರೆದಿದ್ದೀಯ. ಫೋನಿನಲ್ಲಿ ಉತ್ತರ ಹೇಳಲು ಹೊರಟರೆ ನಿಮ್ಮವ್ವ ನಡುವೆ ಬಂದು ಮೊಣಕಾಲಿನ ನೋವು, ಊಟ, ಔಷಧ ಎಂದು ಮಾತನ್ನು ಬೇರೆಡೆಗೆ ಒಯ್ಯುತ್ತಾಳೆ, ಹಾಗಾಗಿ ಬರೆಯುತ್ತಿದ್ದೇನೆ. ಫುಟ್‌ಬಾಲಿನ ತಂತ್ರಗಳನ್ನು ನಿನಗೆ ಹೇಳಿಕೊಡುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ರೈಲ್ವೆಯಲ್ಲೇ ಆಯುಷ್ಯ ಸವೆಸಿದ ನನಗೆ, ರೈಲ್ವೆ ತಂಡಕ್ಕೇ ಆಡಿದ ಒಬ್ಬ ಫುಟ್‌ಬಾಲ್ ಆಟಗಾರರ ಬಾಳು ಗೊತ್ತಿದೆ. ವಾಡಿ ಜಂಕ್ಷನ್ನಿನಲ್ಲಿದ್ದಾಗ ಬಂಗಾಳದ ಕಡೆಯ ಸಹೋದ್ಯೋಗಿಗಳು ಪ್ರದೀಪ್ ದಾ, ಅಂದರೆ ಪ್ರದೀಪಣ್ಣ, ಎಂದು ಅಕ್ಕರೆಯಿಂದ ನೆನೆಯುತ್ತಿದ್ದ ಪಿ.ಕೆ. ಬ್ಯಾನರ್ಜಿ ಅವರು.

ಅವರು ಹುಟ್ಟಿದ್ದು 1936ರಲ್ಲಿ, ಉತ್ತರ ಬಂಗಾಳದ ಜಲಪಾಯ್‌ಗುಡಿ ಜಿಲ್ಲೆಯಲ್ಲಿ; ಬೆಳೆದದ್ದು ಜಮ್ಶೆಡ್‌ಪುರದಲ್ಲಿ. ಕೋಲ್ಕತ್ತಕ್ಕೆ ಬಂದು ಮೊದಲು ಆರ್ಯನ್ ಕ್ಲಬ್ಬಿಗೆ ಆಡಿ, 1955ರಲ್ಲಿ ಈಸ್ಟರ್ನ್ ರೈಲ್ವೆ ತಂಡವನ್ನು ಸೇರಿ, ಆಟ ಬಿಡುವ ತನಕ ಅಲ್ಲಿಯೇ ಉಳಿದರು. ಈಗ ನಿನಗಿರುವಂಥ ಕರಾರು ಆ ಕಾಲದ ನಮ್ಮ ಆಟಗಾರರಿಗೆ ಇರಲಿಲ್ಲ. ಇಲಾಖೆಯ ನೌಕರಿಯೇ ಅವರ ಅನ್ನ. ಅಷ್ಟು ದೊಡ್ಡ ಆಟಗಾರ ಈಸ್ಟ್ ಬೆಂಗಾಲ್ ಅಥವಾ ಮೋಹನ್ ಬಗಾನ್ ಅಂಗಿಯನ್ನು ಕ್ಲಬ್ ಆಟಗಾರನಾಗಿ ಒಮ್ಮೆಯೂ ತೊಡಲಿಲ್ಲವೆಂಬುದು ಈಗಿನವರಿಗೆ ಸೋಜಿಗವೆನಿಸಬಹುದು. 1958ರಲ್ಲಿ ಈಸ್ಟರ್ನ್ ರೈಲ್ವೆ ಕೋಲ್ಕತ್ತ ಲೀಗ್ ಗೆದ್ದಾಗ ಅವರು ಆ ತಂಡದಲ್ಲಿದ್ದರು. ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಎಂಬ ಮೂರು ದೊಡ್ಡ ತಂಡಗಳನ್ನು ಬಿಟ್ಟು ಬೇರೊಂದು ತಂಡ ಆ ಲೀಗನ್ನು ಮತ್ತೆ ಗೆಲ್ಲಲು 2019ರವರೆಗೆ ಕಾಯಬೇಕಾಯಿತು. ರೈಲ್ವೆಯವನಾದ ನಾನು ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ, ನಗಬೇಡ.

ಅವರು ತರಬೇತುದಾರರಾದ ಕಥೆ ಅವರು ಇನ್ನೂ ಆಡುತ್ತಿದ್ದಾಗಲೇ, ಇನ್ನೊಬ್ಬರ ಕೈಕೆಳಗೆ ಶುರುವಾಯಿತೆಂದು ನನ್ನ ಎಣಿಕೆ. ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು; ಅದೇ ತಿಂಗಳು ಶುರುವಾದ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಸಾಹೇಬರು ತರಬೇತುಗೊಳಿಸಿದ ಭಾರತ ತಂಡ ನಾಲ್ಕನೆಯ ಸ್ಥಾನ ಪಡೆಯಿತು, ಇಪ್ಪತ್ತು ವರ್ಷದ ಬ್ಯಾನರ್ಜಿ ಆ ತಂಡದಲ್ಲಿದ್ದರು. ರಹೀಂ ಸಾಹೇಬರು ವೃತ್ತಿಯಿಂದ ಶಾಲಾ ಶಿಕ್ಷಕರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬ್ಯಾನರ್ಜಿ ಅವರೇ ನಾಯಕರಾಗಿ, ಫ್ರಾನ್ಸ್ ವಿರುದ್ಧ ತಾವೇ ಗೋಲು ಹೊಡೆದು ಪಂದ್ಯವನ್ನು 1-1ರಲ್ಲಿ ನಿಲ್ಲಿಸಿದರು. ಆದರೆ ನೀನು ಗಮನಿಸಬೇಕಾದದ್ದು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟವನ್ನು. ರಕ್ಷಣೆಯ ಆಟಗಾರ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿದ್ದರು. ಬೇರೆ ಯಾರಾದರೂ ಆಗಿದ್ದರೆ ಅವರನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದರೇನೋ. ರಹೀಂ ಸಾಹೇಬರು ಅವರನ್ನು ಹಿಂದಿನಿಂದ ತಂದು ಮುಂಚೂಣಿಯಲ್ಲಿ ನಿಲ್ಲಿಸಿದರು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ವಿರುದ್ಧ ಮೊದಲ ಗೋಲನ್ನು ಬ್ಯಾನರ್ಜಿ, ಎರಡನೆಯದನ್ನು ಜರ್ನೈಲ್ ಹೊಡೆದು, ಭಾರತ 2-1ರಿಂದ ಚಿನ್ನ ಗೆದ್ದಿತು. ಕ್ಯಾನ್ಸರಿನಿಂದ ಬಳಲುತ್ತಿದ್ದ ರಹೀಂ ಸಾಹೇಬರು ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು. ಗಾಯಗೊಂಡ ಆಟಗಾರನಿಂದ ಇನ್ನೇನು ಸಾಧ್ಯವೆಂದು ಯೋಚಿಸುವ ಒಬ್ಬರ ಜೊತೆ ಇದ್ದು ಆಡಿದವರು ಅದನ್ನು ಮರೆಯಲಾರರು.

ಮುಂದೆ ಗಾಯಗಳು ಬ್ಯಾನರ್ಜಿ ಅವರನ್ನೂ ಬಿಡಲಿಲ್ಲ. 1967ರಲ್ಲಿ ರಾಷ್ಟ್ರೀಯ ತಂಡದಿಂದ ಹೊರಬಂದರು. ಎರಡು ಒಲಿಂಪಿಕ್ಸ್ ಆಡಿದ, ಅರ್ಜುನ ಪ್ರಶಸ್ತಿ ಪಡೆದ ಮನುಷ್ಯ ನನಗೆಲ್ಲ ಗೊತ್ತೆಂದು ನೇರವಾಗಿ ಸೀಟಿ ಕೊರಳಿಗೆ ಹಾಕಿಕೊಳ್ಳಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಅವರು ಹಾಗೆ ಮಾಡದೆ 1969ರಲ್ಲಿ ಜಪಾನಿಗೆ ಹೋಗಿ, ಫಿಫಾ ಏರ್ಪಡಿಸಿದ್ದ ಕೋರ್ಸಿನಲ್ಲಿ ಜರ್ಮನಿಯ ತರಬೇತುದಾರ ಡೆಟ್‌ಮಾರ್ ಕ್ರೇಮರ್ ಅವರ ಮುಂದೆ ವಿದ್ಯಾರ್ಥಿಯಾಗಿ ಕುಳಿತರು. ಮರುವರ್ಷ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಕಂಚು ಗೆದ್ದಾಗ, ಜಿ.ಎಂ.ಎಚ್. ಬಾಷಾ ಅವರೊಂದಿಗೆ ತಂಡವನ್ನು ನೋಡಿಕೊಂಡವರು ಅವರೇ.

ನಿನ್ನ ಕೋರ್ಸಿನ ವಿಷಯದಲ್ಲಿ ನಾನು ಹೇಳಬೇಕೆಂದಿರುವುದೂ ಇದನ್ನೇ. ಕಲಿಸುವುದು ಆಡುವುದರ ಮುಂದುವರಿಕೆಯಲ್ಲ, ಅದು ಮೊದಲಿನಿಂದ ಕಲಿಯಬೇಕಾದ ಇನ್ನೊಂದು ಕಸುಬು. ರೈಲ್ವೆಯಲ್ಲಿ ಇಂಜಿನ್ ಓಡಿಸುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ಕೆಲವರು ಹೊಸ ಹುಡುಗರಿಗೆ ಕಲಿಸಲು ನಿಂತಾಗ, ತಮ್ಮ ಕೈ ತಾನಾಗಿ ಮಾಡುವ ಕೆಲಸವನ್ನು ಬಿಡಿಸಿ ಹೇಳಲಾಗದೆ ರೇಗುವುದನ್ನು ನೋಡಿದ್ದೇನೆ. ಬ್ಯಾನರ್ಜಿ ಬಲ ಅಂಚಿನ ಆಟಗಾರರು. ಆ ಓಟ, ಆ ಹೊಡೆತ ಅವರ ಕಾಲಿಗೇ ಅಂಟಿಕೊಂಡಿದ್ದವು, ಇನ್ನೊಬ್ಬರಿಗೆ ದಾಟಿಸುವಂಥವಲ್ಲ. ದಾಟಿಸಬಹುದಾದದ್ದು ಬೇರೆ ಇತ್ತು: ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾರಿಗೆ ಎಷ್ಟು ದಣಿವು ಕೊಡಬೇಕು, ಸೋತವರ ಜೊತೆ ಹೇಗೆ ಮಾತಾಡಬೇಕು ಎಂಬ ತಿಳಿವಳಿಕೆ.

1972ರಲ್ಲಿ ಅವರು ಈಸ್ಟ್ ಬೆಂಗಾಲ್ ಸೇರಿದರು. 1975ರವರೆಗೆ ಪ್ರತಿವರ್ಷ ಆ ತಂಡವೇ ಕೋಲ್ಕತ್ತ ಲೀಗ್ ಗೆದ್ದಿತು. ನ್ಯಾಯವಾಗಿ ಹೇಳುವುದಾದರೆ ಅವರು ಬರುವ ಮೊದಲಿನ ಎರಡು ವರ್ಷವೂ ಅದೇ ಗೆದ್ದಿತ್ತು. ಅವರ ಕೈಚಳಕ ಸ್ಪಷ್ಟವಾಗಿ ಕಾಣುವುದು 1975ರ ಸೆಪ್ಟೆಂಬರ್ 30ರಂದು ನಡೆದ, ಐಎಫ್ಎ ಶೀಲ್ಡ್ ಎಂಬ ಕೋಲ್ಕತ್ತದ ಪಂದ್ಯಾವಳಿಯ ಫೈನಲ್‌ನಲ್ಲಿ. ಬದ್ಧ ಎದುರಾಳಿ ಮೋಹನ್ ಬಗಾನ್ ಅಂದು ಈಸ್ಟ್ ಬೆಂಗಾಲಿಗೆ 5-0ಯಿಂದ ಸೋತಿತು. ಮರುವರ್ಷ ಅದೇ ಮೋಹನ್ ಬಗಾನ್ ಅವರನ್ನೇ ಕರೆದು ತನ್ನ ತಂಡವನ್ನು ಒಪ್ಪಿಸಿತು! ಸೋಲಿಸಿದವನನ್ನೇ ಮನೆಗೆ ಕರೆಯುವ ಧೈರ್ಯ ಕ್ಲಬ್ಬಿನದೋ, ಹೋಗುವ ಧೈರ್ಯ ಅವರದೋ, ಯಾವುದು ದೊಡ್ಡದೆಂದು ನನಗೆ ಇಂದಿಗೂ ತೀರ್ಮಾನಿಸಲಾಗಿಲ್ಲ.

ಅದರ ಮುಂದಿನ 1977ನೇ ವರ್ಷವನ್ನು ನೋಡು. ದೇಶದ ಕ್ಲಬ್ಬುಗಳ ನಡುವಿನ ಮೊದಲ ಫೆಡರೇಷನ್ ಕಪ್ಪಿನ ಫೈನಲ್‌ನಲ್ಲಿ ಮೋಹನ್ ಬಗಾನ್ ನಮ್ಮ ಬೆಂಗಳೂರಿನ ಐಟಿಐ ತಂಡಕ್ಕೆ ಸೋತಿತು. ಲೀಗ್ ಕೂಡ ಈಸ್ಟ್ ಬೆಂಗಾಲ್ ಪಾಲಾಯಿತು. ಆಮೇಲೆ ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಇದ್ದ ನ್ಯೂಯಾರ್ಕ್ ಕಾಸ್ಮಾಸ್ ಎದುರು ಮೋಹನ್ ಬಗಾನ್ 2-2ರ ಸಮಬಲ ಸಾಧಿಸಿತು, ಅದೇ ಋತುವಿನಲ್ಲಿ ಐಎಫ್ಎ ಶೀಲ್ಡ್, ರೋವರ್ಸ್ ಕಪ್, ಡುರಾಂಡ್ ಕಪ್ ಮೂರನ್ನೂ ಗೆದ್ದಿತು. ಪಂದ್ಯಕ್ಕೆ ಮುನ್ನ ಡ್ರೆಸ್ಸಿಂಗ್ ರೂಮಿನಲ್ಲಿ ಅವರು ಆಡುತ್ತಿದ್ದ ಮಾತನ್ನು ಪತ್ರಿಕೆಗಳು ವೋಕಲ್ ಟಾನಿಕ್, ಅಂದರೆ ಮಾತಿನ ಮದ್ದು, ಎಂದು ಕರೆದು ಹೆಸರು ಮಾಡಿದವು. ನನಗೆ ಆ ಹೆಸರಿನ ಮೇಲೆ ಅಷ್ಟು ವಿಶ್ವಾಸವಿಲ್ಲ. ಮಾತಿನಿಂದಲೇ ಗೆಲ್ಲುವಂತಿದ್ದರೆ ಆ ವರ್ಷದ ಮೊದಲ ಭಾಗದಲ್ಲಿಯೂ ಗೆಲ್ಲಬೇಕಿತ್ತು. ಬೆಳಗಿನ ಅಭ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ, ಮಾತು ಮಾತ್ರ ಪತ್ರಿಕೆಗೆ ಬರುತ್ತದೆ.

1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ಭಾರತ ತಂಡ ಕ್ವಾರ್ಟರ್ ಫೈನಲ್‌ನಲ್ಲೇ ಸೌದಿ ಅರೇಬಿಯಕ್ಕೆ ಸೋತಿತು. ಆಟಗಾರನಾಗಿ ಗೆದ್ದ ಚಿನ್ನವನ್ನು ತರಬೇತುದಾರನಾಗಿ ಗೆಲ್ಲಲು ಅವರಿಗೆ ಆಗಲೇ ಇಲ್ಲ. 1991ರಲ್ಲಿ ಬಾಲ್ಯದ ಊರಾದ ಜಮ್ಶೆಡ್‌ಪುರಕ್ಕೆ ಹೋಗಿ ಟಾಟಾ ಫುಟ್‌ಬಾಲ್ ಅಕಾಡೆಮಿಯ ಹುಡುಗರಿಗೆ ಕಲಿಸಿದರು. ಅಲ್ಲಿಂದ ಈಸ್ಟ್ ಬೆಂಗಾಲಿಗೆ ಮರಳಿ, 1997ರ ಜುಲೈ 13ರಂದು, ತಮ್ಮ 61ನೇ ವಯಸ್ಸಿನಲ್ಲಿ, ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಜನರೆದುರು ಫೆಡರೇಷನ್ ಕಪ್ಪಿನ ಸೆಮಿಫೈನಲ್‌ಗೆ ತಂಡವನ್ನು ಇಳಿಸಿದರು. ಎದುರಿಗೆ ಅಮಲ್ ದತ್ತ ಅವರ ಮೋಹನ್ ಬಗಾನ್; ಆಟಗಾರರನ್ನು ವಜ್ರದಾಕಾರದಲ್ಲಿ ನಿಲ್ಲಿಸುವ ಅವರ ಡೈಮಂಡ್ ವಿನ್ಯಾಸದ್ದೇ ಆಗ ಎಲ್ಲೆಡೆ ಮಾತು. ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದರು, ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು.

ಅವರು ಗಂಡಸು, ಹಳೆಯ ಕಾಲದವರು, ನನಗೂ ಅವರಿಗೂ ಏನು ಸಂಬಂಧವೆಂದು ನೀನು ಕೇಳಬಹುದು. ಹಾಗಾದರೆ ಮಣಿಪುರದ ಬೆಂಬೆಂ ದೇವಿ ಅವರನ್ನು ನೋಡು: ಮೊದಲ ಭಾರತೀಯ ಮಹಿಳಾ ಲೀಗ್ ಗೆದ್ದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್‌ನಲ್ಲಿ ಅವರು ಆಟಗಾರ್ತಿಯೂ ಮ್ಯಾನೇಜರೂ ಆಗಿದ್ದರು. ಗೋವೆಯ ಮೇಮೋಲ್ ರಾಕಿ ಭಾರತಕ್ಕೆ ಆಡಿ, 2017ರಲ್ಲಿ ಅದೇ ಮಹಿಳಾ ತಂಡದ ಮುಖ್ಯ ತರಬೇತುದಾರರಾದರು. ಆ ಹುದ್ದೆಗೆ ಬಂದ ಮೊದಲ ಮಹಿಳೆ ಅವರೇ. ಒಂದನ್ನು ಬಿಟ್ಟಮೇಲೆಯೇ ಇನ್ನೊಂದನ್ನು ಹಿಡಿಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಕ್ಲಬ್ಬಿನವರ ಮನಸ್ಸಿನಲ್ಲಿ ಏನಿದೆಯೋ ನಾನರಿಯೆ. ನಿನ್ನ ಅನುಮಾನವೇ ನಿಜವಾಗಿದ್ದರೂ ಕೋರ್ಸು ನಿನ್ನದಾಗುತ್ತದೆ, ಅವರದಲ್ಲ. ಡಿ ಆದಮೇಲೆ ಸಿ, ಬಿ, ಎ ಎಂದು ಮೇಲಿನ ಮೆಟ್ಟಿಲುಗಳಿವೆ, ಪ್ರತಿಯೊಂದಕ್ಕೂ ಕಾಲ ಹಿಡಿಯುತ್ತದೆ, ಬೇಗ ಹತ್ತಿದವರಿಗೆ ಹೆಚ್ಚು ಕಾಲ ಸಿಗುತ್ತದೆ.

ಆದ್ದರಿಂದ ಹೆಸರು ಕೊಡು. ಕೊಡುವ ಮುನ್ನ ಕರಾರಿನ ಅವಧಿ ಎಂದು ಮುಗಿಯುತ್ತದೆ, ಕೋರ್ಸಿನ ದಿನಗಳಿಗೆ ಸಂಬಳ ಕಡಿತವಾಗುತ್ತದೆಯೇ ಎಂಬೆರಡನ್ನು ಬರವಣಿಗೆಯಲ್ಲಿ ಪಡೆದುಕೊ; ಬಾಯಿಮಾತು ಸಾಲದು. ಶುಲ್ಕ ನೀನೇ ಕಟ್ಟಬೇಕೆಂದಾದರೆ ತಿಳಿಸು, ಕಳಿಸುತ್ತೇನೆ. ಬೇಸಿಗೆಯಲ್ಲಿ ಊರಿಗೆ ಬಂದಾಗ ಎನ್.ವಿ. ಮೈದಾನದಲ್ಲಿ ಆಡುವ ಹುಡುಗಿಯರಿಗೆ ಕಲಿಸಿ ನೋಡಬಹುದು. ಇಲ್ಲಿನ ಬಿಸಿಲು ನಿನಗೆ ಗೊತ್ತೇ ಇದೆ, ಬೆಳಿಗ್ಗೆ ಎಂಟರೊಳಗೆ ಮುಗಿಸಬೇಕಾಗುತ್ತದೆ. ಯಾವ ತಿಂಗಳು ಬರುತ್ತೀಯೆಂದು ಮೊದಲೇ ಬರೆದರೆ ಅಲ್ಲಿನವರ ಜೊತೆ ನಾನು ಮಾತಾಡಿಟ್ಟಿರುತ್ತೇನೆ.

ಇಂತಿ,
ನಿನ್ನ ಅಪ್ಪ