ಜಾಮೀನಿಗೆ ವಿಮೆ ಅಂತ ಹೆಸರಿಟ್ಟರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಮ್ಮ ಪಕ್ಕದ ಮನೆಯವರ ಅಕ್ಕನ ಮಗ ಒಂದು ಫೈಲ್ ಹಿಡಿದುಕೊಂಡು ಬಂದ. ಸಣ್ಣ ಗುತ್ತಿಗೆದಾರ. ಚರಂಡಿ, ಕಾಂಪೌಂಡ್ ಗೋಡೆ, ಶಾಲೆ ಕೊಠಡಿ ರಿಪೇರಿ, ಇಂಥ ಕೆಲಸ ಮಾಡಿಸುತ್ತಾನೆ. ಮೊದಲ ಸಲ 2 ಕೋಟಿಯ ಟೆಂಡರ್ ಸಿಕ್ಕಿದೆ. "ಅಂಕಲ್, ಬ್ಯಾಂಕ್ ಗ್ಯಾರಂಟಿನೇ ಬೇಕು ಅಂತಿಲ್ಲವಂತೆ. ಶ್ಯೂರಿಟಿ ಬಾಂಡ್ ಇನ್ಶೂರೆನ್ಸ್ ಕೊಟ್ಟರೂ ಆಗುತ್ತಂತೆ. ಒಳ್ಳೇದೇ ಆಯ್ತು ಅಲ್ವಾ? ನಾಳೆ ಹೆಚ್ಚುಕಮ್ಮಿ ಆದ್ರೆ ಕಂಪನಿಯವರೇ ಕಟ್ಕೋತಾರೆ" ಅಂದ.

ಗುತ್ತಿಗೆದಾರ ಮಾತು ತಪ್ಪಿದರೆ ಇಷ್ಟು ದುಡ್ಡು ನಾವು ಕೊಡುತ್ತೇವೆ ಅಂತ ಬ್ಯಾಂಕು ಬರೆದುಕೊಡುವ ಪತ್ರ ಬ್ಯಾಂಕ್ ಗ್ಯಾರಂಟಿ. ಅದೇ ಮಾತನ್ನು ವಿಮೆ ಕಂಪನಿ ಬರೆದುಕೊಟ್ಟರೆ ಶ್ಯೂರಿಟಿ ಬಾಂಡ್. ಈ ಪತ್ರ ಬರೆಯಲು ಅವನ ಆ ಕೊನೆಯ ಮಾತೇ ಕಾರಣ.

ನಾನು 33 ವರ್ಷ ಬ್ಯಾಂಕಿನಲ್ಲಿದ್ದವನು. ಅದರಲ್ಲಿ ಹೆಚ್ಚಿನ ಕಾಲ ಅವೆನ್ಯೂ ರಸ್ತೆಯ ಹತ್ತಿರದ ಒಂದು ಶಾಖೆಯ ಗ್ಯಾರಂಟಿ ವಿಭಾಗದಲ್ಲಿ ಕಳೆದೆ. ನಿವೃತ್ತಿಯಾದ ಮೇಲೆ ಸುಮ್ನೆ ಕೂರಲಾಗದೆ ಒಂದು ವಿಮಾ ಬ್ರೋಕರ್ ಕಚೇರಿಯಲ್ಲಿ ಶ್ಯೂರಿಟಿ ಬಾಂಡ್ ಫೈಲುಗಳನ್ನು ಓದಿಕೊಡುತ್ತಿದ್ದೆ. ಶ್ಯೂರಿಟಿ ಕೆಲಸ ಅಂದರೆ ನೆಂಟರು "ಕೋರ್ಟಲ್ಲಿ ಬೇಲ್ ಕೊಡಿಸೋದಾ?" ಅಂತ ಕೇಳುತ್ತಿದ್ದರು. ಒಂದು ಲೆಕ್ಕದಲ್ಲಿ ಅವರ ಪ್ರಶ್ನೆ ತಪ್ಪೇನಲ್ಲ. ಅಲ್ಲೂ ಜಾಮೀನು, ಇಲ್ಲೂ ಜಾಮೀನು.

ಜಾಮೀನಿನಲ್ಲಿ ಮೂರು ಜನ ಇರುತ್ತಾರೆ. ಕೆಲಸ ಕೊಟ್ಟವರು, ಕೆಲಸ ಒಪ್ಪಿಕೊಂಡವರು, "ಇವನು ಮಾಡದಿದ್ದರೆ ನಾನಿದ್ದೇನೆ" ಅಂತ ನಿಂತವರು. 1872ರ ಕರಾರು ಕಾಯಿದೆಯ 126ನೇ ಕಲಮು ಇದನ್ನೇ ಹೇಳುತ್ತದೆ. ಅದೇ ಕಾಯಿದೆಯ 145ನೇ ಕಲಮನ್ನು ಮಾತ್ರ ಯಾರೂ ಓದುವುದಿಲ್ಲ. ಜಾಮೀನು ನಿಂತವರು ನ್ಯಾಯವಾಗಿ ಕಟ್ಟಿದ ದುಡ್ಡನ್ನು ಒಪ್ಪಿಕೊಂಡವನು ವಾಪಸ್ ತುಂಬಿಕೊಡಬೇಕು, ಬಾಯಿಬಿಟ್ಟು ಹೇಳದಿದ್ದರೂ ಆ ಮಾತು ಕರಾರಿನಲ್ಲಿ ಇದ್ದೇ ಇದೆ ಅನ್ನುತ್ತದೆ ಅದು. ಸ್ಕೂಟರ್ ವಿಮೆಯಲ್ಲಿ ಕಂಪನಿ ಕ್ಲೇಮು ಕೊಟ್ಟ ಮೇಲೆ ನಿಮ್ಮ ಮನೆಗೆ ಬಂದು ಆ ದುಡ್ಡು ವಾಪಸ್ ಕೊಡಿ ಅನ್ನುವುದಿಲ್ಲ. ಶ್ಯೂರಿಟಿ ಬಾಂಡಿನಲ್ಲಿ ಬರುತ್ತಾರೆ. ಕಟ್ಟಿದ ಪ್ರೀಮಿಯಂ ನಮ್ಮ ಪರವಾಗಿ ನಿಂತಿದ್ದಕ್ಕೆ ಕೊಟ್ಟ ಕೂಲಿ, ಅಷ್ಟೇ.

ಇದು ನನಗೆ ಪುಸ್ತಕ ಓದಿ ಅರ್ಥವಾಗಿದ್ದಲ್ಲ. 1990ರ ದಶಕದ ಒಂದು ಮಾರ್ಚ್ 31. ಮಧ್ಯಾಹ್ನ ಒಂದೂ ಮುಕ್ಕಾಲು. ಎರಡು ಗಂಟೆಗೆ ಕೌಂಟರ್ ಮುಚ್ಚುತ್ತಿತ್ತು. ಒಂದು ಸರ್ಕಾರಿ ಕಚೇರಿಯ ಜವಾನ ಮೊಪೆಡ್‌ನಲ್ಲಿ ಬಂದು ಕಾಗದ ಕೊಟ್ಟ. "ಗ್ಯಾರಂಟಿಯ ಅವಧಿ ವಿಸ್ತರಿಸಿ, ಇಲ್ಲವೇ ಹಣ ಪಾವತಿಸಿ." ಗ್ಯಾರಂಟಿ ಮುಗಿಯುವುದು ಅವತ್ತೇ. ಮೊತ್ತ 3 ಲಕ್ಷ. ಅವಧಿ ವಿಸ್ತರಿಸಲು ಗುತ್ತಿಗೆದಾರರ ಅರ್ಜಿ ಬೇಕು, ಹೊಸ ಛಾಪಾ ಕಾಗದ ಬೇಕು. ಅವರು ಹೊಳಲ್ಕೆರೆ ಹತ್ತಿರ ಒಂದು ಮದುವೆಗೆ ಹೋಗಿದ್ದರು. ಮೊಬೈಲ್ ಇಲ್ಲದ ಕಾಲ. ನಾಲ್ಕು ಕಡೆ ಎಸ್‌ಟಿಡಿ ಮಾಡಿದೆ. ಸಿಗಲಿಲ್ಲ. ದುಡ್ಡು ಕೊಟ್ಟೆವು.

ಕೊಡಲೇಬೇಕಿತ್ತು. ಕೇಳಿದ ಕೂಡಲೇ, ತಕರಾರಿಲ್ಲದೆ ಕೊಡುತ್ತೇವೆ ಅಂತ ಬರೆದುಕೊಟ್ಟ ಮೇಲೆ ಮಾತು ಮುಗಿಯಿತು. ದೊಡ್ಡ ಮೋಸವೋ, ಸರಿಪಡಿಸಲಾಗದ ಅನ್ಯಾಯವೋ ಇದ್ದರೆ ಮಾತ್ರ ಕೋರ್ಟು ತಡೆ ಕೊಡುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ಇದ್ದದ್ದು ಸೋಮಾರಿತನ. ರಸ್ತೆ ಕೆಲಸ ಎಂಟು ತಿಂಗಳ ಹಿಂದೆಯೇ ಮುಗಿದಿತ್ತು. ಎಂ.ಬಿ., ಅಂದರೆ ಆದ ಕೆಲಸದ ಅಳತೆ ಪುಸ್ತಕ, ಬರೆಯುವವರು ಬರೆದಿರಲಿಲ್ಲ.

ಒಂದು ವಾರದ ಮೇಲೆ ಗಂಡ ಹೆಂಡತಿ ಇಬ್ಬರೂ ಬಂದರು. ಗ್ಯಾರಂಟಿಗೆ ಅಂತ ಅವರು ಬ್ಯಾಂಕಿನಲ್ಲಿ ಇಟ್ಟಿದ್ದ ಮಾರ್ಜಿನ್ ಹಣ ಸಾಲದೆ ಆ ಅಮ್ಮನ ಹೆಸರಿನ ಎಫ್‌ಡಿಯನ್ನೂ ಮುರಿದಿದ್ದೆವು. ಆಕೆ ಜೋರು ಮಾತೇನೂ ಆಡಲಿಲ್ಲ. "ಶ್ಯೂರಿಟಿಗೆ ಒಂದು ಸೈನು ಅಂದ್ರಿ ಸಾರ್, ಹಾಕಿದೆ. ನನ್ನ ದುಡ್ಡು ಹೋಗುತ್ತೆ ಅಂತ ಯಾರೂ ಹೇಳಲಿಲ್ಲವಲ್ಲ" ಅಂದರು. ಬ್ಯಾಂಕು ಕಟ್ಟಿದ್ದನ್ನು ನಾವು ತುಂಬಿಕೊಡುತ್ತೇವೆ ಅಂತ ಗಿರಾಕಿಯ ಕಡೆಯವರು ಬರೆದುಕೊಡುವ ಕೌಂಟರ್ ಗ್ಯಾರಂಟಿಯ ಆರು ಪುಟಗಳಲ್ಲಿ ಎಲ್ಲೆಲ್ಲಿ ಸೈನು ಹಾಕಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಟ್ಟವನು ನಾನೇ. ಮೊತ್ತ ಸಣ್ಣದು, ಗಿರಾಕಿ ಹಳಬ, ಹೊರಗೆ ಜನ ಕಾಯುತ್ತಿದ್ದರು. ಓದಿ ಹೇಳಲು ಹತ್ತು ನಿಮಿಷ ಸಾಕಿತ್ತು. ಮೂರು ವರ್ಷ ಓಡಾಡಿದ ಮೇಲೆ ಆ ದುಡ್ಡು ವಾಪಸ್ ಬಂತು. ಬಡ್ಡಿ ಬರಲಿಲ್ಲ.

ಈಗಿನ ವಿಷಯಕ್ಕೆ ಬರುತ್ತೇನೆ. ಶ್ಯೂರಿಟಿ ಬಾಂಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಂದದ್ದು ಒಳ್ಳೆಯದೇ. 2022ರ ಬಜೆಟ್‌ನಲ್ಲಿ ಸರ್ಕಾರಿ ಖರೀದಿಗೆ ಬ್ಯಾಂಕ್ ಗ್ಯಾರಂಟಿ ಬದಲು ಇದನ್ನೂ ಒಪ್ಪುತ್ತೇವೆ ಅಂದರು. ವಿಮಾ ನಿಯಂತ್ರಣ ಪ್ರಾಧಿಕಾರದ ಮಾರ್ಗಸೂಚಿ ಆ ವರ್ಷ ಏಪ್ರಿಲ್ 1ರಿಂದ ಜಾರಿಗೆ ಬಂತು. ಡಿಸೆಂಬರ್‌ನಲ್ಲಿ ಮೊದಲ ಬಾಂಡ್ ಮಾರುಕಟ್ಟೆಗೆ ಬಂತು. ನಮ್ಮ ಹುಡುಗನ ಲೆಕ್ಕವನ್ನೇ ನೋಡಿ. 2 ಕೋಟಿ ಕೆಲಸಕ್ಕೆ ನೂರಕ್ಕೆ 5ರಂತೆ ಭದ್ರತೆ ಕೇಳಿದರೆ 10 ಲಕ್ಷ. ಬ್ಯಾಂಕಿನಲ್ಲಿ ಲಿಮಿಟ್, ಅಂದರೆ ಮೊದಲೇ ಮಂಜೂರಾದ ಮಿತಿ, ಇಲ್ಲದ ಹೊಸಬನಿಗೆ ಪೂರ್ತಿ 10 ಲಕ್ಷ ಎಫ್‌ಡಿ ಇಡು ಅಂದರೂ ಆಶ್ಚರ್ಯವಿಲ್ಲ. ಕೆಲಸ ಮುಗಿದು, ಅದರ ಮೇಲೆ ದೋಷ ಸರಿಪಡಿಸುವ ಅವಧಿಯೂ ಮುಗಿಯುವ ತನಕ ಆ ದುಡ್ಡು ಅಲ್ಲೇ ಮಲಗಿರುತ್ತದೆ. ಸಿಮೆಂಟಿಗೆ, ಕಬ್ಬಿಣಕ್ಕೆ ಕೈಸಾಲ. ಬಾಂಡಿನಲ್ಲಿ ಈ ಕಟ್ಟು ಸಡಿಲ. ಹಾಗಂತ ವಿಮೆ ಕಂಪನಿಯವರು ಏನೂ ಕೇಳುವುದಿಲ್ಲ ಅಂದುಕೊಳ್ಳಬೇಡಿ. ಗುತ್ತಿಗೆದಾರ ದಿವಾಳಿಯಾದರೆ, 2016ರ ದಿವಾಳಿ ಸಂಹಿತೆಯಲ್ಲಿ ಬಾಕಿ ವಸೂಲಿಗೆ ಬ್ಯಾಂಕುಗಳಿಗೆ ಇರುವ ಜಾಗ ತಮಗಿಲ್ಲ ಅನ್ನುವ ಭಯ ಅವರಿಗೆ ಮೊದಲಿನಿಂದಲೂ ಇದೆ. ಅದಕ್ಕೇ ಕಂಪನಿ ಕಟ್ಟಿದ್ದನ್ನು ನಾವು ತುಂಬಿಕೊಡುತ್ತೇವೆ ಅಂತ ಅವರು ಬರೆಸಿಕೊಳ್ಳುವ ನಷ್ಟಭರ್ತಿ ಪತ್ರ ದಪ್ಪ.

ನನ್ನ ತಕರಾರು ಹೆಸರಿನ ಬಗ್ಗೆ. ಇನ್ಶೂರೆನ್ಸ್ ಅನ್ನುವ ಪದ ಅಂಟಿಕೊಂಡ ಕೂಡಲೇ ಜನ ನಿಶ್ಚಿಂತೆಯಾಗುತ್ತಾರೆ. ಮಾರುವವರಿಗೂ ಅದೇ ಅನುಕೂಲ. ಬ್ರೋಕರ್ ಕಚೇರಿಯಲ್ಲಿ ನಾನು ಕಂಡ ಎಷ್ಟೋ ಗುತ್ತಿಗೆದಾರರು ಪ್ರೀಮಿಯಂ ಎಷ್ಟು ಅಂತ ಕೇಳಿದರು. ಕಂಪನಿ ಕಟ್ಟಿದ ಮೇಲೆ ಏನಾಗುತ್ತದೆ ಅಂತ ಕೇಳಿದವರು ಇಬ್ಬರೋ ಮೂವರೋ.

ಇನ್ನೊಂದು ಮಾತು, ಸ್ವಲ್ಪ ಆಚೆಯದು. ಅಮೆರಿಕದಲ್ಲಿ ಸರ್ಕಾರಿ ಕಾಮಗಾರಿಗೆ ಶ್ಯೂರಿಟಿ ಬಾಂಡ್ ಕಡ್ಡಾಯ ಮಾಡುವ ಕಾನೂನು 1894ರಲ್ಲೇ ಬಂತು. 1935ರ ಮಿಲ್ಲರ್ ಕಾಯಿದೆ ಅದನ್ನು ಎರಡು ಬಾಂಡ್ ಮಾಡಿತು. ಒಂದು, ಕೆಲಸ ಮುಗಿಸಿಕೊಡುವುದಕ್ಕೆ. ಇನ್ನೊಂದು, ಕೂಲಿಯವರಿಗೆ ಮತ್ತು ಸಾಮಾನು ಕೊಟ್ಟವರಿಗೆ ದುಡ್ಡು ಸೇರುವುದಕ್ಕೆ. ಆ ಎರಡನೆಯದನ್ನು ನೆನೆಸಿಕೊಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ರಾಯಚೂರು, ಯಾದಗಿರಿಯಿಂದ ಬಂದು ನಮ್ಮ ಊರಿನ ಚರಂಡಿ ತೋಡುವವರ ಬಟವಾಡೆ ನಿಂತರೆ, ಜಲ್ಲಿ, ಎಂ-ಸ್ಯಾಂಡ್ ಇಳಿಸಿದ ಲಾರಿಯವರ ಬಿಲ್ಲು ನಿಂತರೆ, ಅವರ ಪರವಾಗಿ ಯಾರ ಜಾಮೀನಿದೆ? ನಾನು ಸಹಿ ಹಾಕಿದ ಸಾವಿರಾರು ಗ್ಯಾರಂಟಿಗಳಲ್ಲಿ ಒಂದೂ ಅವರ ಹೆಸರಿಗೆ ಇರಲಿಲ್ಲ.

ಕೆಲಸ ಮುಗಿದ ಮೇಲೆ ಬ್ಯಾಂಕ್ ಗ್ಯಾರಂಟಿಯ ಮೂಲ ಪತ್ರ ವಾಪಸ್ ಕೊಡದ ಕಚೇರಿಗಳ ಬಗ್ಗೆ ಬರೆಯಲು ಹೊರಟರೆ ನಿಮ್ಮ ಪುಟ ಸಾಲದು. ಮೂಲ ಪತ್ರವೋ ಬಿಡುಗಡೆ ಪತ್ರವೋ ಬಾರದೆ ಬ್ಯಾಂಕು ಹಿಡಿದ ಎಫ್‌ಡಿಯನ್ನು ಸಾಮಾನ್ಯವಾಗಿ ಬೇಗ ಬಿಡುವುದಿಲ್ಲ. ಕೆಲವು ಕಡೆ ಗ್ಯಾರಂಟಿಗೆ ಬ್ಯಾಂಕು ಹಾಕುವ ಕಮಿಷನ್ನೂ ಓಡುತ್ತಲೇ ಇರುತ್ತದೆ. ಗುತ್ತಿಗೆದಾರರು ಬಿಲ್ಲಿನ ಹಿಂದೆ ಓಡುವಷ್ಟೇ ಇದರ ಹಿಂದೆಯೂ ಓಡಬೇಕು.

ಪಕ್ಕದ ಮನೆಯ ಹುಡುಗನ ಫೈಲು ನೋಡಿದೆ. ನಷ್ಟಭರ್ತಿ ಪತ್ರದಲ್ಲಿ ಸೈನು ಹಾಕುವ ಜಾಗಕ್ಕೆಲ್ಲ ಹಳದಿ ಚೀಟಿ ಅಂಟಿಸಿದ್ದರು. ನನ್ನ ಪೆನ್ಸಿಲ್ ಗುರುತಿನ ಹಾಗೆಯೇ. ಅದರಲ್ಲಿ ಎರಡು ಚೀಟಿ ಅವನ ತಾಯಿಗೆ. ಹನುಮಂತನಗರದ ಮನೆ ಅವರ ಹೆಸರಿನಲ್ಲಿದೆ. "ಅಮ್ಮಂಗೆ ಇಂಗ್ಲಿಷ್ ಬರಲ್ಲ ಅಂಕಲ್, ನಾನು ಹೇಳಿದ್ರೆ ಸೈನ್ ಹಾಕ್ತಾರೆ" ಅಂದ. ಬರುವ ಭಾನುವಾರ ಅವರನ್ನೂ ಕರೆದುಕೊಂಡು ಬಾ ಅಂದಿದ್ದೇನೆ. ಕಾಫಿ ಕುಡಿದು ಒಂದೊಂದೇ ಪುಟ ಓದಿ ಹೇಳುತ್ತೇನೆ. ಆಮೇಲೆ ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ಎಲ್ಲರ ಪಕ್ಕದ ಮನೆಯಲ್ಲೂ ನನ್ನಂಥ ಕೆಲಸವಿಲ್ಲದ ಮುದುಕ ಇರುವುದಿಲ್ಲ. ಅದಕ್ಕೇ ಬಾಂಡ್ ಮಾರುವ ಕಂಪನಿಗಳಿಗೆ, ಬ್ರೋಕರ್‌ಗಳಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ಆ ದಪ್ಪ ಪತ್ರದ ಮೇಲೆ ಕನ್ನಡದಲ್ಲಿ ಒಂದು ಪುಟ ಇಡಿ. ಮೊದಲು ಯಾರು ಕಟ್ಟುತ್ತಾರೆ, ಆಮೇಲೆ ಯಾರಿಂದ ವಸೂಲು ಮಾಡುತ್ತಾರೆ, ಸೈನು ಹಾಕುವವರ ಯಾವ ಆಸ್ತಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಇಷ್ಟೇ ಇರಲಿ. ದಪ್ಪ ಅಕ್ಷರದಲ್ಲಿ.

ಇತಿ,
ನಿವೃತ್ತ ಬ್ಯಾಂಕ್ ಅಧಿಕಾರಿ
ಬಸವನಗುಡಿ, ಬೆಂಗಳೂರು