ಪವಾಡವಂತೆ!

ಮಾನ್ಯ ಸಂಪಾದಕರೇ,

ಕಟ್ಟುಹಾವು ಕಚ್ಚಿದ ನಮ್ಮೂರ ಹುಡುಗನ ಸುದ್ದಿಗೆ ನಿನ್ನೆ ‘ಮೆದುಳು ಸತ್ತವ ಪವಾಡದಂತೆ ಬದುಕಿದ’ ಎಂದು ತಲೆಬರಹ ಕೊಟ್ಟಿದ್ದೀರಿ. ‘ವಿಷ ಮೆದುಳಿಗೇರಿತ್ತು, ಇಲ್ಲಿ ಮಾಡುವಂಥದ್ದೇನೂ ಇರಲಿಲ್ಲ’ ಎಂಬ ನಮ್ಮೂರ ಆಸ್ಪತ್ರೆಯ ವೈದ್ಯಾಧಿಕಾರಿಗಳ ಅಪ್ಪಣೆಯೂ ಅಚ್ಚಾಗಿದೆ. ಎರಡೂ ತಪ್ಪು.

ಆ ವಿಷ ಮೆದುಳಿನ ತಂಟೆಗೇ ಹೋಗುವುದಿಲ್ಲ. ಅದರ ಕೆಲಸವೆಲ್ಲ ನರದ ತುದಿ ಸ್ನಾಯುವನ್ನು ಸೇರುವ ಸಂದಿನಲ್ಲಿ. ನರದಲ್ಲಿ ವಿದ್ಯುತ್ತಾಗಿ ಬಂದ ಸಂದೇಶ ಅಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಆಚೆ ದಾಟಬೇಕು. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಗೆಡವಿ ರಾಸಾಯನಿಕ ಹೊರಬೀಳದಂತೆ ಮಾಡುತ್ತದೆ. ನಾಗರಹಾವಿನದು ಆಚೆ ಬದಿಯಲ್ಲಿ ಆ ರಾಸಾಯನಿಕವನ್ನು ಹಿಡಿಯುವ ಸ್ನಾಯುವಿನ ಗ್ರಾಹಕಗಳನ್ನು ಮುಚ್ಚುತ್ತದೆ. ಹೊರಬಿದ್ದ ಅಸಿಟೈಲ್‌ಕೋಲಿನ್ ಬೇಗ ಒಡೆದುಹೋಗದಂತೆ ಕಾಯುವ ನಿಯೋಸ್ಟಿಗ್ಮಿನ್ ಚುಚ್ಚುಮದ್ದು ನಾಗರಕ್ಕೆ ನಾಟಿದಷ್ಟು ಕಟ್ಟುಹಾವಿಗೆ ನಾಟದಿರುವುದು ಇದಕ್ಕೇ. ಮೊದಲು ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗದು, ಕತ್ತು ನಿಲ್ಲದು, ಕೊನೆಗೆ ಉಸಿರೆಳೆಯುವ ಸ್ನಾಯುವಾದ ವಪೆ ಸೋತು ಉಸಿರು ನಿಲ್ಲುತ್ತದೆ. ಟಾರ್ಚ್ ಬಿಟ್ಟರೆ ಪಾಪೆಯೂ ಕಿರಿದಾಗದಿರಬಹುದು. ಮೆದುಳು ಸತ್ತಿತೆಂದು ಕೈಚೆಲ್ಲುವುದು ಇಲ್ಲೇ. ಮಲಗಿದವನಿಗೆ ಮಾತ್ರ ‘ಇನ್ನು ಆಗಲ್ಲ, ಕರ್ಕೊಂಡ್ಹೋಗಿ’ ಎಂಬುದೂ ಕೇಳಿಸುತ್ತಿರಬಹುದು!

ಮಾಡುವಂಥದ್ದು ಏನೂ ಇರಲಿಲ್ಲವೇ? ಬಾಯೊಳಗಿನ ಜೊಲ್ಲು ತೆಗೆದು, ಗದ್ದ ಎತ್ತಿ, ಮಾಸ್ಕನ್ನು ಗಾಳಿ ಸೋರದಂತೆ ಒತ್ತಿ ಹಿಡಿದು, ಉಸಿರು ತುಂಬುವ ಕೈಚೀಲ ಆಂಬು ಬ್ಯಾಗನ್ನು ಬಿಡದೆ ಹಿಚುಕಬೇಕಿತ್ತು. ಜತೆಗೆ 10 ವಯಲ್ (ಪುಟ್ಟ ಸೀಸೆ) ಪ್ರತಿವಿಷ. ಮಕ್ಕಳಿಗೂ ಅಷ್ಟೇ, ಹಾವು ಮೈತೂಕ ನೋಡಿ ವಿಷ ಬಿಡುವುದಿಲ್ಲ. ಆಗಲೇ ಕೆಟ್ಟ ನರತುದಿಯನ್ನು ಪ್ರತಿವಿಷ ರಿಪೇರಿ ಮಾಡದು, ಅದು ಮತ್ತೆ ಬೆಳೆಯಲು ದಿನಗಳೇ ಬೇಕು. ಅಲ್ಲಿಯವರೆಗೆ ಗಾಳಿ ಕೊಟ್ಟರೆ ಬದುಕುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿ ಮಾಡಿದ್ದು ಇಷ್ಟೇ, ಪವಾಡವಲ್ಲ.

ನಮ್ಮ ಆಸ್ಪತ್ರೆಯ ಬ್ಯಾಗ್ ಬೀರುವಿನಲ್ಲಿ, ಬೀರುವಿಗೆ ಬೀಗ, ಕೀಲಿ ರಜೆಯ ಮೇಲೆ ಹೋದವರ ಜೇಬಿನಲ್ಲಿ. ಮಳೆಯಲ್ಲಿ ನಿಂತವರಿಗೆ ಕೂರಲು ಬೆಂಚಿಲ್ಲ, ಕರೆಂಟಿಲ್ಲ, ಆಂಬುಲೆನ್ಸಿಗೆ ಡೀಸೆಲ್ ನಮ್ಮದೇ ದುಡ್ಡಿನಲ್ಲಿ. ದ್ರವರೂಪದ ಪ್ರತಿವಿಷವನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಜನರೇಟರ್ ಕೆಟ್ಟು ಎಷ್ಟು ಕಾಲವಾಯಿತೋ, ಫ್ರಿಜ್ಜಿನಲ್ಲಿ ಏನು ಉಳಿದಿದೆಯೋ ದೇವರೇ ಬಲ್ಲ. ಹಾವು ಕಡಿತವನ್ನು 2024ರಲ್ಲಿ ಸರ್ಕಾರ ಕಡ್ಡಾಯ ವರದಿಯ ಪಟ್ಟಿಗೆ ಸೇರಿಸಿತು. ಫಾರಂ ತುಂಬುವುದರಲ್ಲಿ ನಮ್ಮವರು ಶೂರರು. ಬೀದಿದೀಪಕ್ಕೆ ಕೊಟ್ಟ ಅರ್ಜಿಯೂ ಹೀಗೇ ಯಾವುದೋ ಫೈಲಿನಲ್ಲಿ ಮಲಗಿದೆ. ಕತ್ತಲಲ್ಲಿ ಹಾವು ತುಳಿಯುವವರು ಅಧಿಕಾರಿಗಳಲ್ಲವಲ್ಲ, ಅವರಿಗೆ ಜೀಪಿದೆ.

ಸಂಬಂಧಪಟ್ಟವರು ಕೂಡಲೇ ಗಮನ ಹರಿಸಲಿ. ಆ ಬೀರುವಿನ ಬೀಗವನ್ನಾದರೂ ಒಡೆಯಲಿ, ಇಲ್ಲವೇ ‘ಹಾವುಗಳು ಕಚೇರಿ ವೇಳೆಯಲ್ಲೇ ಕಚ್ಚತಕ್ಕದ್ದು’ ಎಂದು ಸುತ್ತೋಲೆ ಹೊರಡಿಸಲಿ.

– ನೊಂದ ನಿವಾಸಿ