ಆ ಕೊನೆಯ ಪುಟ ತೆಗೆ

ಮೈಸೂರು

ಪ್ರಿಯ ತಮ್ಮ,

ನಿನ್ನ ಕತೆ ತಲುಪಿತು. ಕೂತಲ್ಲೇ ಓದಿ ಮುಗಿಸಿದೆ. ಬದುವಿನ ಜಗಳವನ್ನು ಹದವಾಗಿ ಬೆಳೆಸಿದ್ದೀಯ. ಅಣ್ಣ ತಮ್ಮನ ಮೇಲೆ ಮಚ್ಚು ಎತ್ತುವವರೆಗೂ ಎಲ್ಲೂ ಪುಟ ಹಾರಿಸಲಿಲ್ಲ. ಆಮೇಲೆ ಕೊನೆಯ ಪುಟದಲ್ಲಿ, ಅವನ ಅಪ್ಪ ಬಾರುಕೋಲಲ್ಲಿ ಬಾರಿಸುತ್ತಿದ್ದ, ಅದಕ್ಕೇ ಅವನು ಹೀಗಾದ ಅಂತ ಬರೆದೆಯಲ್ಲ, ಆ ಪುಟ ತೆಗೆ.

ಮನಶ್ಶಾಸ್ತ್ರ ಬೇಡ ಅನ್ನುತ್ತಿಲ್ಲ. ಅದು ನಮ್ಮೂರಿಗೆ ಹೊಸದೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಷ್ಟು ಹಿಂದೆಯೇ ಅದರ ವಿಭಾಗ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. (ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿದ ಅದೇ ಗೋಪಾಲಸ್ವಾಮಿ.) ಓದು, ಆದರೆ ಲೆಕ್ಕದ ಸಮೇತ ಓದು. ಬಾಲ್ಯದಲ್ಲಿ ತಾಯಿಯಿಂದ ದೂರವಾದ ಮಕ್ಕಳು ಕಳ್ಳರಾಗುತ್ತಾರೆ ಎಂಬ ಮಾತಿಗೆ ಎಲ್ಲರೂ ತೋರಿಸುವುದು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿಯ 1944ರ ಅಧ್ಯಯನವನ್ನು. ಲಂಡನ್ನಿನ ಚಿಕಿತ್ಸಾಲಯಕ್ಕೆ ಬಂದ 44 ಕಳ್ಳ ಮಕ್ಕಳು, ಅಲ್ಲಿಗೇ ಬಂದ, ಕಳ್ಳತನ ಮಾಡದ ಬೇರೆ 44 ಮಕ್ಕಳು. ಕಳ್ಳರಲ್ಲಿ 17 ಮಂದಿ ಎಳವೆಯಲ್ಲೇ ಬಹಳ ಕಾಲ ತಾಯಿಯಿಂದ ದೂರವಿದ್ದವರು. ಇನ್ನೊಂದು ಗುಂಪಿನಲ್ಲಿ ಅಂಥವರು ಇಬ್ಬರೇ. ವ್ಯತ್ಯಾಸ ದೊಡ್ಡದು, ಒಪ್ಪಿದೆ. ಆದರೆ ಮಿಕ್ಕ 27 ಕಳ್ಳರ ಕತೆ ಏನು? ಆ ಇಬ್ಬರು ಯಾಕೆ ಕದಿಯಲಿಲ್ಲ? ಕತೆಗಾರನಿಗೆ ಅಲ್ಲಿ ಕೆಲಸವಿದೆ. ನಿನ್ನ ಕತೆಯಲ್ಲೇ ನೋಡು: ಅದೇ ಅಪ್ಪನ ಅದೇ ಬಾರುಕೋಲು ತಮ್ಮನ ಬೆನ್ನಿಗೂ ಬಿದ್ದಿರಬೇಕಲ್ಲ? ಅವನು ಮಚ್ಚು ಹಿಡಿಯಲಿಲ್ಲ.

ಹುಟ್ಟು ಅಪರಾಧಿಯ ಮುಖಚಹರೆಯೇ ಬೇರೆ ಅಂತ 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೊ ಹೇಳಿದ್ದು ಯಾವತ್ತೋ ಬಿದ್ದುಹೋಯಿತು. ಆದರೂ ನಿನ್ನ ಅಣ್ಣನಿಗೆ ಕೆಂಗಣ್ಣು, ಗಂಟುಹುಬ್ಬು ಇಟ್ಟಿದ್ದೀಯ! ಟಿ.ವಿ.ಯವರ ‘ಸೈಕೋ’ ಕೂಡ ಬೇಡ. ಸೈಕೋಪಾತ್ ಯಾರು ಅಂತ ಗುರುತಿಸಲು ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಮಾಡಿದ 20 ಅಂಶಗಳ ಪಟ್ಟಿಯನ್ನು ತರಬೇತಾದವರು ಕೂತು ಅಳೆದರೆ, ಜೈಲಿನಲ್ಲಿರುವವರಲ್ಲೂ ಬಹುಪಾಲು ಜನ ಆ ಮಟ್ಟ ಮುಟ್ಟುವುದಿಲ್ಲ.

ನಾನು ಹಿಡಿದುಕೊಂಡಿರುವುದು ಬೇರೊಂದು ಎಳೆ. 1957ರಲ್ಲಿ ಗ್ರೆಷಮ್ ಸೈಕ್ಸ್, ಡೇವಿಡ್ ಮಾಟ್ಜಾ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ದಾರಿತಪ್ಪಿದ ಹುಡುಗರ ಬಗ್ಗೆ ಬರೆದರು. ಆ ಹುಡುಗರಿಗೂ ಸರಿ ತಪ್ಪು ಗೊತ್ತು, ಕದಿಯಬಾರದು ಅಂತ ಅವರೂ ನಂಬುತ್ತಾರೆ. ಆ ನಂಬಿಕೆಯನ್ನು ಒಂದು ಗಳಿಗೆ ಪಕ್ಕಕ್ಕಿಡಲು ನೆಪಗಳನ್ನು ಕಟ್ಟಿಕೊಳ್ಳುತ್ತಾರೆ, ಅದೂ ಎಷ್ಟೋ ಸಲ ಕೃತ್ಯಕ್ಕೆ ಮೊದಲೇ, ಅನ್ನುವುದು ಅವರ ವಾದ. ಅಂಥ ಐದು ಬಗೆ ಗುರುತಿಸಿದರು. ಪಟ್ಟಿ ಬಾಯಿಪಾಠ ಮಾಡಬೇಡ, ಮಂಡ್ಯದ ಕೋರ್ಟಿನ ಹೊರಗೆ ಟೀ ಅಂಗಡಿ ಹತ್ತಿರ ಒಂದು ಬೆಳಗ್ಗೆ ನಿಲ್ಲು. ‘ಎಣ್ಣೆ ಹಾಕಿದ್ದೆ ಕಣಣ್ಣೋ, ಕೈ ನನ್ ಮಾತ್ ಕೇಳ್ಲಿಲ್ಲ.’ ‘ಸೊಸೈಟಿ ದುಡ್ಡು ತಾನೆ, ಯಾರ್ ಮನೇದು ಹೋಯ್ತು?’ ‘ಅವ್ನೇ ಮೊದ್ಲು ಬದು ಒತ್ತಿದ್ದು.’ ‘ಹಿಡ್ಕೊಂಡ್ ಬಂದ್ರಲ್ಲ, ಅವರೇನು ಸಾಚಾಗಳಾ?’ ‘ಮನೆ ಮರ್ವಾದೆ ಉಳಿಸ್ಬೇಕಿತ್ತು.’ ಐದೂ ಸಿಕ್ಕವು. ಮೂರನೆಯದು ನಿನ್ನ ಅಣ್ಣನದು. ಮಚ್ಚು ಎತ್ತಿದ ಮೇಲಲ್ಲ, ವಾರಗಟ್ಟಲೆ ಮೊದಲೇ ಅವನು ಅದನ್ನು ಹೇಳಿಕೊಂಡು ತಿರುಗಿರಬೇಕು. ಮೊದಲು ಹೆಂಡತಿ ಹತ್ತಿರ, ಆಮೇಲೆ ಡೈರಿ ಕ್ಯೂನಲ್ಲಿ ಕ್ಯಾನ್ ಇಟ್ಟುಕೊಂಡು. ಒಂದೊಂದು ಸಲ ಹೇಳಿದಾಗಲೂ ಒತ್ತಿದ ಬದು ಒಂದೊಂದು ಗೇಣು ಅಗಲವಾಗಬೇಕು. ಕೇಳಿದವರು ‘ಹೌದಪ್ಪಾ’ ಅಂದರಲ್ಲ, ಅವರನ್ನೂ ಕತೆಗೆ ಕರೆದು ತಾ.

ನೆಪಕ್ಕೆ ಎಷ್ಟು ಬಲ ಅಂತ ತಿಳಿಯಬೇಕಾದರೆ 2023ರಲ್ಲಿ ನಿಮ್ಮ ಮಂಡ್ಯ ಜಿಲ್ಲೆಯಲ್ಲೇ ಹೊರಬಿದ್ದ ಪ್ರಕರಣ ನೆನಪಿಸಿಕೋ. ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳುತ್ತಿದ್ದರು. ಅದು ಅಪರಾಧ ಅಂತ 1994ರ ಕಾನೂನಿದೆ, ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಬೋರ್ಡಿದೆ. ಅಂಥ ಕಡೆಗೆ ಸೊಸೆಯನ್ನು ಕಾರಲ್ಲಿ ಕೂರಿಸಿಕೊಂಡು ಹೊರಟ ಒಬ್ಬ ಅತ್ತೆಯನ್ನು ಊಹಿಸಿಕೋ. ದೇವರಿಗೆ ದೀಪ ಹಚ್ಚಿಯೇ ಹೊರಟಿರುತ್ತಾಳೆ. ‘ಇನ್ನೊಂದು ಹೆಣ್ಣಾದರೆ ನಿನಗೇ ಕಷ್ಟ ಕಣವ್ವ’ ಅನ್ನುತ್ತಾಳೆ, ಕಾಳಜಿಯಿಂದಲೇ ಅನ್ನುತ್ತಾಳೆ. ಅವಳ ಬಾಲ್ಯ ಕೆದಕಿ ಏನು ಸಿಗುತ್ತದೆ? ನಾನು ಈ ಅತ್ತೆಯನ್ನು ಬರೆಯಲು ಕೂತು ಬಹಳ ದಿನವಾಯಿತು, ಇನ್ನೂ ಮುಗಿದಿಲ್ಲ. ಅವಳನ್ನು ರಾಕ್ಷಸಿ ಮಾಡಿದರೆ ಓದುಗರು ನೆಮ್ಮದಿಯಾಗಿ ಮಲಗುತ್ತಾರೆ. ಅಯ್ಯೋ ಪಾಪ ಅನ್ನಿಸಿದರೂ ಅಷ್ಟೇ.

ಇದೆಲ್ಲ ಹೇಳಿದರೆ ಕೊಲೆಗಾರನನ್ನು ಸಮರ್ಥಿಸಿದಂತೆ ಆಗುವುದಿಲ್ಲವೇ ಅಂತ ಕೇಳಿದ್ದೀಯ. ಆಗುವುದಿಲ್ಲ. ನಿನ್ನ ಬಾರುಕೋಲಿನ ಪುಟವೇ ಅವನ ಪರ ವಕಾಲತ್ತು ಹಾಕುತ್ತಿರುವುದು. ಅವನ ನೆಪವನ್ನು ಅವನ ಬಾಯಲ್ಲೇ ಬಿಟ್ಟರೆ ಅದು ಎಲ್ಲಿ ಸಡಿಲವಿದೆ ಅಂತ ಓದುಗರಿಗೆ ಕಾಣುತ್ತದೆ. ನೀನು ಮಧ್ಯೆ ಬಾಯಿ ಹಾಕಬೇಡ.

ಇನ್ನೊಂದು. ಜಗಳ ಶುರುವಾಗುವುದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ತೂಬಿನ ಹತ್ತಿರ, ಆದರೆ ಕತೆಯಲ್ಲಿ ನೀರುಗಂಟಿಯೇ ಇಲ್ಲ. ಕಟ್ಟು ನೀರಿನ ಪಾಳಿ ಯಾವತ್ತು ಯಾರಿಗೆ ಅಂತ ಗೊತ್ತಿರುವವನು ಅವನು. ಇಬ್ಬರ ದೂರೂ ಮೊದಲು ಬೀಳುವುದು ಅವನ ಕಿವಿಗೆ. ಅವನನ್ನು ಎರಡನೇ ಪುಟಕ್ಕೆ ತಂದು, ತಮ್ಮನ ಹೆಂಡತಿಗೂ ನಾಲ್ಕು ಮಾತು ಕೊಟ್ಟು, ದಸರಾಕ್ಕೆ ಮೈಸೂರಿಗೆ ಬರುವಾಗ ತಿದ್ದಿದ ಪ್ರತಿ ತೆಗೆದುಕೊಂಡು ಬಾ.

ನಿನ್ನ,
ಅಣ್ಣ